ಕಪ್ಪು ಅದಿರು ಕೆಂಪಾಗುವಾಗ: ಒಂದು ಉತ್ಕರ್ಷಣ ಕ್ರಿಯೆಯ ಪೂರ್ತಿ ಲೆಕ್ಕ

ಅದಿರಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡಿರುವ ಆಮ್ಲಜನಕವನ್ನು ಬಿಡಿಸಿದರೆ ಕಬ್ಬಿಣ ಸಿಗುತ್ತದೆ. ಹೈಸ್ಕೂಲಿನ ಮಕ್ಕಳಿಗೂ ಇದು ಗೊತ್ತು. ಆದರೆ ಮಂಗಳೂರಿನ ಪಣಂಬೂರಿನಲ್ಲಿ ಸುಮಾರು ಎರಡು ದಶಕ ಕಾಲ ಇದಕ್ಕೆ ತೀರಾ ವಿರುದ್ಧವಾದ ಕೆಲಸ ನಡೆಯಿತು. ಕುದುರೆಮುಖದ ಗುಡ್ಡಗಳಿಂದ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೀರಿನೊಂದಿಗೆ ಕೆಸರಾಗಿ ಹರಿದು ಬಂದ ಕಪ್ಪು ಅದಿರಿನ ಪುಡಿಯನ್ನು ಸೋಸಿ, ಗೋಲಿಗಳಷ್ಟು ದಪ್ಪದ ಉಂಡೆ ಕಟ್ಟಿ, ಕುಲುಮೆಯಲ್ಲಿ ಸುಟ್ಟು, ಗಾಳಿಯ ಆಮ್ಲಜನಕವನ್ನು ಅದಕ್ಕೆ ಇನ್ನಷ್ಟು ಸೇರಿಸಿ ಕೆಂಪು ಮಾಡಿ ಹಡಗಿಗೆ ತುಂಬುತ್ತಿದ್ದರು. ಆ ಹಡಗು ಹೋಗಿ ಸೇರುತ್ತಿದ್ದ ಉಕ್ಕಿನ ಕಾರ್ಖಾನೆಗಳಲ್ಲಿ ಸೇರಿಸಿದ ಆಮ್ಲಜನಕವನ್ನೂ ಮೊದಲೇ ಇದ್ದ ಆಮ್ಲಜನಕವನ್ನೂ ಒಟ್ಟಿಗೆ ತೆಗೆಯಬೇಕಿತ್ತು.

ತೆಗೆಯಬೇಕಾದದ್ದನ್ನು ಮೊದಲು ಸೇರಿಸುವುದೇಕೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳಿ ಮಕ್ಕಳನ್ನು ಯೋಚನೆಗೆ ಹಚ್ಚುತ್ತೇನೆ. ಉತ್ತರ ಹುಡುಕುತ್ತಾ ಹೋದರೆ ಎಂಥಾಲ್ಪಿ, ಎಂಟ್ರೊಪಿ, ಮುಕ್ತ ಶಕ್ತಿ ಎಂದು ನಾವು ಬಾಯಿಪಾಠ ಮಾಡಿಸುವ ಮೂರೂ ಪದಗಳು ದಾರಿಯಲ್ಲೇ ಸಿಗುತ್ತವೆ, ಅದೂ ಪೆನ್ಸಿಲ್ ಹಿಡಿದು ಕೂಡಿಸಿ ಕಳೆಯಬಹುದಾದ ಅಂಕಿಗಳಾಗಿ.

ಮೊದಲು ಆ ಕಪ್ಪು ಪುಡಿ ಏನೆಂದು ನೋಡೋಣ. ಅದು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಅದಿರು. ಅದರ ಒಂದು ಘಟಕದಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಮೂರು ಕಬ್ಬಿಣಗಳಲ್ಲಿ ಎರಡು ತಲಾ ಮೂರು ಎಲೆಕ್ಟ್ರಾನ್ ಕೊಟ್ಟುಬಿಟ್ಟಿವೆ. ಒಂದು ಮಾತ್ರ ಎರಡನ್ನಷ್ಟೇ ಕೊಟ್ಟು ನಿಂತಿದೆ. ಉತ್ಕರ್ಷಣ ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಹಾಗಾಗಿ ಆಕ್ಸೈಡ್ ಎಂದ ಮಾತ್ರಕ್ಕೆ ಉತ್ಕರ್ಷಣ ಮುಗಿಯಿತು ಎಂದು ತಿಳಿಯಬಾರದು. ಆ ಮೂರನೆಯ ಕಬ್ಬಿಣದ ಬಳಿ ಕೊಡಲು ಇನ್ನೊಂದು ಎಲೆಕ್ಟ್ರಾನ್ ಉಳಿದಿದೆ. ಗಾಳಿಯ ಆಮ್ಲಜನಕ ಅದನ್ನೂ ಪಡೆದುಕೊಂಡರೆ ಎಲ್ಲ ಕಬ್ಬಿಣವೂ ಒಂದೇ ಸ್ಥಿತಿಗೆ ಬಂದು ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕದ ಹೆಮಟೈಟ್ ಆಗುತ್ತದೆ. ಅದರ ಪುಡಿ ಕೆಂಪು. ಲೆಕ್ಕ ಹೀಗೆ:

4 ಮ್ಯಾಗ್ನಟೈಟ್ + 1 ಆಮ್ಲಜನಕ ಅಣು → 6 ಹೆಮಟೈಟ್

ಆಮ್ಲಜನಕ ಸೇರುವುದರಿಂದ ತೂಕ ಏರಲೇಬೇಕು. 926 ಗ್ರಾಂ ಮ್ಯಾಗ್ನಟೈಟ್ 32 ಗ್ರಾಂ ಆಮ್ಲಜನಕವನ್ನು ಹೀರುತ್ತದೆ, ಅಂದರೆ ನೂರು ಕಿಲೋ ಶುದ್ಧ ಅದಿರು ಸುಟ್ಟಮೇಲೆ ಸುಮಾರು ನೂರಾ ಮೂರೂವರೆ ಕಿಲೋ ತೂಗುತ್ತದೆ. ಕಟ್ಟಿಗೆ ಸುಟ್ಟರೆ ಬೂದಿ ಹಗುರವಾಗುವುದನ್ನು ಕಂಡ ನಮ್ಮ ಕಣ್ಣಿಗೆ ಇದು ವಿಚಿತ್ರ ಅನ್ನಿಸುತ್ತದೆ.

ಇದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೆ ಬಹಳ ದಿನದಿಂದ ಆಸೆಯಿತ್ತು. ಮಳೆಗಾಲ ಕಳೆದ ಮೇಲೆ ನಮ್ಮ ಕಡೆಯ ಹೊಳೆಗಳ ಮರಳಿನ ಮೇಲೆ ಕಪ್ಪು ಗೆರೆಗಳು ಉಳಿದಿರುತ್ತವೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಗೆರೆಯ ಮೇಲೆ ಆಡಿಸಿದರೆ ಕಪ್ಪು ಕಾಳುಗಳು ಮುಳ್ಳಿನಂತೆ ಎದ್ದು ನಿಂತು ಅಂಟಿಕೊಳ್ಳುತ್ತವೆ. ಚೀಲವನ್ನು ಒಳಮಗ್ಗುಲು ತಿರುಗಿಸಿ ಅಯಸ್ಕಾಂತವನ್ನು ಹೊರಗೆಳೆದರೆ ಕಾಳು ಚೀಲದಲ್ಲೇ ಉಳಿಯುತ್ತದೆ. ಹಾಗೆ ಹಿಡಿಯಷ್ಟು ಕೂಡಿಸಿ, ತೊಳೆದು ಒಣಗಿಸಿ, ಪರಿಚಯದ ಅಕ್ಕಸಾಲಿಯೊಬ್ಬರ ಬಳಿಗೆ ಒಯ್ದೆ. ಅವರ ಬಳಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇತ್ತು, ಗ್ಯಾಸಿನ ಜ್ವಾಲೆಯೂ ಇತ್ತು.

"ಇದರಲ್ಲಿ ಚಿನ್ನ ಉಂಟಾ ಮಾಸ್ಟ್ರೇ?" ಎಂದರು.

"ಕಬ್ಬಿಣ ಆಚಾರ್ರೇ. ಕೆಂಪಾಗ್ತದಾ ಅಂತ ನೋಡ್ಲಿಕ್ಕೆ."

ಅವರು ನಗಲಿಲ್ಲ. ಹಂಚಿನ ಚೂರಿನ ಮೇಲೆ 10 ಗ್ರಾಂ ತೂಗಿ ತೆಳ್ಳಗೆ ಹರಡಿ, ಗಾಳಿ ತಾಗಲೆಂದು ಜ್ವಾಲೆಯನ್ನು ಕೆಳಗಿನಿಂದ ಕೊಟ್ಟರು. ಕಡ್ಡಿಯಿಂದ ಕೆದಕುತ್ತಾ ಕೆದಕುತ್ತಾ ಕಪ್ಪು ಕಂದಾಯಿತು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಕಾಣಿಸಿತು. ಆರಿದ ಮೇಲೆ ತೂಗಿದರೆ ಅಂಕಿ ಏರಿತ್ತು. ಗಾಳಿಯಲ್ಲಿದ್ದದ್ದು ಮರಳಿನೊಳಗೆ ಸೇರಿ ತಕ್ಕಡಿಯಲ್ಲಿ ತೂಗುತ್ತಿದೆ ಎಂದಾಗ ಆಚಾರ್ರು ಹಂಚಿನ ಚೂರನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಲೆಕ್ಕದ ಪ್ರಕಾರ 346 ಮಿಲಿಗ್ರಾಂ ಏರಬೇಕಿತ್ತು, ಅದರ ಅರ್ಧವೂ ಏರಿರಲಿಲ್ಲ. ಆ ಕೊರತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಶಾಖದ ಲೆಕ್ಕ. ಯಾವುದೇ ಸಂಯುಕ್ತ ತನ್ನ ಮೂಲಧಾತುಗಳಿಂದ ಉಂಟಾಗುವಾಗ ಎಷ್ಟು ಶಾಖ ಬಿಡುತ್ತದೆ ಎಂಬುದನ್ನು ಅಳೆದು ಕೋಷ್ಟಕ ಮಾಡಿಟ್ಟಿದ್ದಾರೆ. ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ನಿಗದಿತ ದೊಡ್ಡ ಗುಂಪು; ಮೇಲಿನ 926 ಗ್ರಾಂ ಮ್ಯಾಗ್ನಟೈಟ್ ಎಂದರೆ ನಾಲ್ಕು ಮೋಲ್. ಒಂದು ಮೋಲ್ ಹೆಮಟೈಟ್ ಉಂಟಾದರೆ 824.2 ಕಿಲೋಜೂಲ್, ಒಂದು ಮೋಲ್ ಮ್ಯಾಗ್ನಟೈಟ್ ಉಂಟಾದರೆ 1118.4 ಕಿಲೋಜೂಲ್. ನಮ್ಮ ಸಮೀಕರಣದ ಬಲಗಡೆ ಆರು ಹೆಮಟೈಟ್ ಇದೆ, ಒಟ್ಟು 4945.2. ಎಡಗಡೆಯ ನಾಲ್ಕು ಮ್ಯಾಗ್ನಟೈಟ್ ಉಂಟಾಗುವಾಗಲೇ ಬಿಟ್ಟಾಗಿರುವ ಶಾಖ 4473.6. ಕಳೆದರೆ ಉಳಿಯುವುದು 471.6 ಕಿಲೋಜೂಲ್. ಇದು ಈ ಕ್ರಿಯೆಯಲ್ಲಿ ಹೊರಬೀಳುವ ಶಾಖ, ಎಂಥಾಲ್ಪಿಯ ಬದಲಾವಣೆ. ಹೊರಹೋಗುವ ಶಾಖವಾದ್ದರಿಂದ ಮುಂದೆ ಮೈನಸ್ ಹಾಕುತ್ತೇವೆ.

ಕಿಲೋ ಲೆಕ್ಕಕ್ಕೆ ತಂದರೆ ಒಂದು ಕಿಲೋ ಮ್ಯಾಗ್ನಟೈಟಿಗೆ ಸುಮಾರು 509 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಒಂದು ಕಿಲೋ ಅದಿರನ್ನು 1300 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಬೇಕಾಗುವ ಶಾಖದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಇದರಿಂದಲೇ ಬರುತ್ತದೆ. ಕುಲುಮೆಯ ಬರ್ನರ್ ಉಂಡೆಗೆ ಹೊರಗಿನಿಂದ ಬೆಂಕಿ ಕೊಡುತ್ತಿದ್ದರೆ, ಉಂಡೆ ತನ್ನ ಒಳಗಿನಿಂದಲೂ ಕಾಯುತ್ತದೆ. ತೆಗೆಯಬೇಕಾದ ಆಮ್ಲಜನಕವನ್ನು ಸೇರಿಸುವುದೇಕೆ ಎಂಬ ಪ್ರಶ್ನೆಗೆ ಇದು ಮೊದಲ ಉತ್ತರ, ಪೂರ್ತಿ ಉತ್ತರ ಅಲ್ಲ.

ಶಾಖ ಬಿಡುವ ಕ್ರಿಯೆ ತಾನಾಗಿ ನಡೆಯುತ್ತದೆ ಎಂದು ಹೇಳಿ ಮುಗಿಸುವ ಮೇಷ್ಟ್ರುಗಳಿದ್ದಾರೆ. ಅಷ್ಟು ಸಾಲದು. ಕುಲುಮೆಯಲ್ಲಿ ತೀರಾ ಮುಖ್ಯವಾದ ಒಂದು ವಿಷಯ ಅಷ್ಟರಿಂದ ತಿಳಿಯುವುದಿಲ್ಲ, ಇದೇ ಕ್ರಿಯೆ ಒಂದು ಉಷ್ಣತೆಯ ಆಚೆಗೆ ಹಿಂದಕ್ಕೆ ತಿರುಗುತ್ತದೆ ಎಂಬುದು.

ಅದಕ್ಕೆ ಎಂಟ್ರೊಪಿ ಬೇಕು. ಎಂಟ್ರೊಪಿಗೆ 'ಅವ್ಯವಸ್ಥೆ' ಎಂಬ ಅನುವಾದ ನಮ್ಮ ಪುಸ್ತಕಗಳಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ, ಮಕ್ಕಳು ಕೋಣೆ ಗಲೀಜಾಗಿರುವುದನ್ನು ನೆನೆಸಿಕೊಳ್ಳುತ್ತಾರೆ. ಕಣಗಳಿಗೆ ಮತ್ತು ಅವುಗಳ ಶಕ್ತಿಗೆ ಹರಡಿಕೊಳ್ಳಲು ಎಷ್ಟು ಬಗೆಯ ಅವಕಾಶವಿದೆ ಎಂಬುದರ ಅಳತೆ ಅದು. ಗಾಳಿಯಲ್ಲಿ ಹಾರಾಡುವ ಆಮ್ಲಜನಕಕ್ಕೆ ಅವಕಾಶ ಅಪಾರ. ಹರಳಿನೊಳಗೆ ತನ್ನ ಜಾಗದಲ್ಲಿ ಕೂತು ನಡುಗುವ ಆಮ್ಲಜನಕಕ್ಕೆ ಬಹಳ ಕಡಿಮೆ. ಅಂಕಿಯಲ್ಲಿ ನೋಡಿ: ಒಂದು ಮೋಲಿಗೆ, ಒಂದು ಕೆಲ್ವಿನ್‌ಗೆ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಬರುವ ಉಷ್ಣತೆಯ ಅಳತೆ) ಮ್ಯಾಗ್ನಟೈಟ್ 146.4 ಜೂಲ್, ಹೆಮಟೈಟ್ 87.4, ಆಮ್ಲಜನಕ ಅನಿಲ 205.1. ಎಡಗಡೆ ಕೂಡಿಸಿದರೆ 790.7, ಬಲಗಡೆ 524.4. ಕ್ರಿಯೆ ಬಲಕ್ಕೆ ಸಾಗಿದಾಗ 266.3 ಜೂಲ್‌ನಷ್ಟು ಎಂಟ್ರೊಪಿ ಕಡಿಮೆಯಾಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಅನಿಲ ಹರಳಿನಲ್ಲಿ ಸೆರೆಯಾದದ್ದರಿಂದಲೇ ಆದ ನಷ್ಟ.

ಶಾಖದ ಲಾಭವನ್ನೂ ಎಂಟ್ರೊಪಿಯ ನಷ್ಟವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವ ದಾರಿಯನ್ನು 1870ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಸಯ್ಯ ವಿಲಾರ್ಡ್ ಗಿಬ್ಸ್ ತೋರಿಸಿಕೊಟ್ಟರು. ಎಂಟ್ರೊಪಿಯ ಬದಲಾವಣೆಯನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ ಎಂಥಾಲ್ಪಿಯ ಬದಲಾವಣೆಯಿಂದ ಕಳೆಯಿರಿ. ಬಂದದ್ದು ಮುಕ್ತ ಶಕ್ತಿಯ ಬದಲಾವಣೆ. ಅದು ಮೈನಸ್ ಇದ್ದರೆ ಕ್ರಿಯೆ ಮುಂದಕ್ಕೆ, ಪ್ಲಸ್ ಇದ್ದರೆ ಹಿಂದಕ್ಕೆ, ಸೊನ್ನೆಯಾದರೆ ಎರಡೂ ಕಡೆ ಸರಿಸಮ.

ಕೋಣೆಯ ಉಷ್ಣತೆ 298 ಕೆಲ್ವಿನ್. ಅದನ್ನು 266.3ರಿಂದ ಗುಣಿಸಿದರೆ 79.4 ಕಿಲೋಜೂಲ್ ನಷ್ಟ. ಮೈನಸ್ 471.6ಕ್ಕೆ ಈ ನಷ್ಟವನ್ನು ಕೂಡಿಸಿದರೆ ಮೈನಸ್ 392.2. ಮುಂದಕ್ಕೆ ಹೋಗುವ ಒಲವು ಬಹಳ ದೊಡ್ಡದು. 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 1273 ಕೆಲ್ವಿನ್‌ನಲ್ಲಿ, ನಷ್ಟ 339 ಕಿಲೋಜೂಲಿಗೆ ಏರುತ್ತದೆ, ಉಳಿಯುವುದು ಮೈನಸ್ 132.6. ಬಿಸಿ ಏರಿದಷ್ಟೂ ಹೆಮಟೈಟ್ ಆಗುವ ಒಲವು ತಗ್ಗುತ್ತಾ ಹೋಗಿ 1771 ಕೆಲ್ವಿನ್‌ಗೆ, ಸುಮಾರು 1498 ಡಿಗ್ರಿ ಸೆಲ್ಸಿಯಸ್‌ಗೆ, ಸೊನ್ನೆ ಮುಟ್ಟುತ್ತದೆ. ಇದೇ ಅಂಕಿಗಳನ್ನು ಉಷ್ಣತೆಯ ಎದುರು ಗೆರೆಯಾಗಿ ಎಳೆದರೆ 1944ರಲ್ಲಿ ಹೆರಾಲ್ಡ್ ಎಲ್ಲಿಂಗ್‌ಹ್ಯಾಮ್ ಬಳಕೆಗೆ ತಂದ ನಕ್ಷೆಯ ಒಂದು ಗೆರೆ ಸಿಕ್ಕಿತು. ಪಿಯುಸಿಯಲ್ಲಿ ವಿಜ್ಞಾನ ಓದಿದ ಅನೇಕರಿಗೆ ಆ ನಕ್ಷೆ ನೆನಪಿರಬಹುದು. ಅದರಲ್ಲಿ ಲೋಹಗಳ ಗೆರೆಗಳೆಲ್ಲ ಬಲಕ್ಕೆ ಏರುವುದೇಕೆ ಎಂದು ಕೇಳಿದರೆ ಉತ್ತರ ಇಲ್ಲೇ ಇದೆ: ಪ್ರತಿ ಗೆರೆಯಲ್ಲೂ ಹಾರಾಡುತ್ತಿದ್ದ ಒಂದು ಮೋಲ್ ಆಮ್ಲಜನಕ ಘನದೊಳಗೆ ಸೇರಿಹೋಗುತ್ತಿದೆ.

ಇಲ್ಲಿವರೆಗೆ ಒಂದು ವಾತಾವರಣ ಒತ್ತಡದ ಶುದ್ಧ ಆಮ್ಲಜನಕ ಎಂದುಕೊಂಡು ಲೆಕ್ಕ ಹಾಕಿದೆವು. ಗಾಳಿಯಲ್ಲಿರುವುದು ಐದರಲ್ಲಿ ಒಂದು ಪಾಲು. ತೆಳುವಾದ ಆಮ್ಲಜನಕಕ್ಕೆ ಹರಡಿಕೊಳ್ಳಲು ಇನ್ನೂ ಹೆಚ್ಚು ಜಾಗ, ಹಾಗಾಗಿ ಅದನ್ನು ಸೆರೆಹಿಡಿಯುವ ನಷ್ಟವೂ ಹೆಚ್ಚು. ಆ ತಿದ್ದುಪಡಿ ಮಾಡಿದರೆ ಸೊನ್ನೆಯ ಬಿಂದು ಸುಮಾರು 1416 ಡಿಗ್ರಿಗೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಗಾಳಿಯಲ್ಲಿ ಹೆಮಟೈಟ್ ಕಾಯಿಸಿದರೆ ಅದು ಆಮ್ಲಜನಕ ಬಿಟ್ಟು ಮತ್ತೆ ಮ್ಯಾಗ್ನಟೈಟ್ ಆಗುವುದು 1390 ಡಿಗ್ರಿಯ ಆಸುಪಾಸಿನಲ್ಲಿ. ಎಂಥಾಲ್ಪಿ, ಎಂಟ್ರೊಪಿಗಳು ಉಷ್ಣತೆಯೊಂದಿಗೆ ತುಸು ಬದಲಾಗುವುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ, ಆ ವ್ಯತ್ಯಾಸ ಅಲ್ಲಿಂದ ಬಂತು. ಕೋಣೆಯ ಉಷ್ಣತೆಯಲ್ಲಿ ಅಳೆದ ಐದು ಅಂಕಿಗಳಿಂದ ಕುಲುಮೆಯ ಬೆಂಕಿಯೊಳಗಿನ ಗಡಿ ಇಷ್ಟು ಹತ್ತಿರಕ್ಕೆ ಸಿಗುವುದು ನನಗೆ ಇವತ್ತಿಗೂ ಬೆರಗು.

ಆ ಗಡಿ ಕುಲುಮೆ ನಡೆಸುವವರಿಗೆ ದಿನನಿತ್ಯದ ಚಿಂತೆ. ಉಂಡೆಗಳನ್ನು ಸಾಮಾನ್ಯವಾಗಿ 1250ರಿಂದ 1350 ಡಿಗ್ರಿಯ ನಡುವೆ ಸುಡುತ್ತಾರೆ. ಗಾಳಿ ಧಾರಾಳವಾಗಿದ್ದರೆ ಅಲ್ಲಿ ಹೆಮಟೈಟ್ ಕ್ಷೇಮ. ಆದರೆ ಬರ್ನರಿನ ಜ್ವಾಲೆ ಆಮ್ಲಜನಕವನ್ನು ತಾನೇ ತಿಂದುಹಾಕುತ್ತದೆ. ಮೇಲಿನ ಲೆಕ್ಕವನ್ನೇ 1300 ಡಿಗ್ರಿಗೆ ಮಾಡಿದರೆ, ಸುತ್ತಲಿನ ಅನಿಲದಲ್ಲಿ ಆಮ್ಲಜನಕ ಶೇಕಡಾ 2ರ ಸುಮಾರಿಗೆ ಇಳಿದರೆ ಸಾಕು, ಸರಿಸಮ ಸ್ಥಿತಿ ಬಂದುಬಿಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕೆಂಪು ಮತ್ತೆ ಕಪ್ಪಾಗತೊಡಗುತ್ತದೆ. ಇಂಧನ ಉರಿಸಲು ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯನ್ನು ಕುಲುಮೆಗೆ ಊದುವುದರ ಹಿಂದಿನ ಒಂದು ಕಾರಣ ಇದು.

ಇನ್ನೊಂದು ತುದಿಯಲ್ಲಿ ದೊಡ್ಡ ಪ್ರಶ್ನೆಯೇ ಇದೆ. ಕೋಣೆಯ ಉಷ್ಣತೆಯಲ್ಲಿ ಒಲವು ಮೈನಸ್ 392 ಕಿಲೋಜೂಲ್. ಇದನ್ನು ಆಮ್ಲಜನಕದ ಒತ್ತಡವಾಗಿ ಬರೆದರೆ, ಮ್ಯಾಗ್ನಟೈಟ್ ಬದಲಾಗದೆ ಉಳಿಯಬೇಕಾದರೆ ಸುತ್ತಲೂ ಇರುವ ಆಮ್ಲಜನಕ ಒಂದು ವಾತಾವರಣದ 10ರ ಮೈನಸ್ 69ನೇ ಘಾತದಷ್ಟಿರಬೇಕು. ಇಲ್ಲ ಎಂದೇ ಹೇಳಬಹುದಾದಷ್ಟು ಕಡಿಮೆ. ಹಾಗಿದ್ದರೆ ನಾನು ಹೊಳೆಯ ದಂಡೆಯಲ್ಲಿ ಕೂಡಿಸಿದ ಕಾಳುಗಳು, ಯುಗಯುಗಗಳಿಂದ ಗಾಳಿ ನೀರು ಕಂಡವು, ಇನ್ನೂ ಕಪ್ಪಾಗಿಯೇ ಇದ್ದದ್ದು ಹೇಗೆ?

ಇಲ್ಲಿವರೆಗೆ ನಾವು ಹಾಕಿದ ಲೆಕ್ಕಗಳ ಶಾಸ್ತ್ರವಾದ ಉಷ್ಣಗತಿಶಾಸ್ತ್ರ ದಿಕ್ಕು ಹೇಳುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವುದಿಲ್ಲ. ಕೊನೆಯ ಎಲೆಕ್ಟ್ರಾನ್ ಕೊಡಲು ಕಬ್ಬಿಣ ಸಿದ್ಧವಿದ್ದರೂ ಆಮ್ಲಜನಕ ಇರುವುದು ಹೊರಗೆ. ಘನದೊಳಗೆ ಪರಮಾಣುಗಳು ಜಾಗ ಬಿಟ್ಟು ಜಾಗಕ್ಕೆ ಸರಿಯಬೇಕು, ತಣ್ಣಗಿನ ಹರಳಿನಲ್ಲಿ ಅದು ಬಹುತೇಕ ಆಗದ ಕೆಲಸ. 200–400 ಡಿಗ್ರಿಗೆ ಏರಿಸಿದರೆ ನುಣ್ಣನೆಯ ಪುಡಿ ಸ್ಪಂದಿಸತೊಡಗುತ್ತದೆ. ಆಮ್ಲಜನಕದ ಚೌಕಟ್ಟು ಇದ್ದಂತೆಯೇ ಇರುತ್ತದೆ, ಕಬ್ಬಿಣದ ಅಯಾನುಗಳು (ಎಲೆಕ್ಟ್ರಾನ್ ಕೊಟ್ಟ ಪರಮಾಣುಗಳು) ಮೇಲ್ಮೈಯ ಕಡೆಗೆ ಸರಿದು ಅಲ್ಲಿ ಹೊಸ ಆಮ್ಲಜನಕವನ್ನು ಸೇರುತ್ತವೆ, ಒಳಗೆ ಖಾಲಿ ಜಾಗಗಳು ಉಳಿಯುತ್ತವೆ. ಹೀಗೆ ಆಗುವ ಕಂದು ವಸ್ತು ಮ್ಯಾಗ್‌ಹೆಮೈಟ್. ರಾಸಾಯನಿಕವಾಗಿ ಹೆಮಟೈಟೇ, ಆದರೆ ಹರಳಿನ ಕಟ್ಟಡ ಹಳೆಯದು, ಅಯಸ್ಕಾಂತಕ್ಕೂ ಅಂಟುತ್ತದೆ. ಆಚಾರ್ರ ಹಂಚಿನ ಮೇಲೆ ಕಂದಾದ ಮೇಲೂ ಕೆಲವು ಕಾಳು ಅಯಸ್ಕಾಂತಕ್ಕೆ ಹಾರಿದ್ದರಲ್ಲಿ ಇದರ ಪಾಲೂ ಇದ್ದಿರಬಹುದು. ಇನ್ನೂ ಬಿಸಿಯಾದರೆ ಚೌಕಟ್ಟೇ ಮುರಿದು ಹೊಸದಾಗಿ ಕಟ್ಟಿಕೊಂಡು ನಿಜವಾದ ಹೆಮಟೈಟ್ ಆಗುತ್ತದೆ.

ನನ್ನ 346 ಮಿಲಿಗ್ರಾಂ ಪೂರ್ತಿ ಸಿಗದ ಕಾರಣವೂ ಇಲ್ಲಿದೆ. ಹೊಳೆಯ ಕಾಳು ಶುದ್ಧ ಮ್ಯಾಗ್ನಟೈಟ್ ಅಲ್ಲ ಎಂಬುದು ಒಂದು. ಅದಕ್ಕಿಂತ ಮುಖ್ಯವಾಗಿ, ಕಾಳು ದಪ್ಪ. ಮೊದಲು ಕೆಂಪಾದ ಸಿಪ್ಪೆಯೇ ಒಳಗಿನ ಕಪ್ಪಿಗೆ ಕವಚವಾಗಿ ಕೂರುತ್ತದೆ. ಊರಿನ ಇಟ್ಟಿಗೆ ಗೂಡಿನಲ್ಲಿ ಅರೆಬೆಂದ ಇಟ್ಟಿಗೆಯನ್ನು ಒಡೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೊರಗೆ ಕೆಂಪು, ನಡುವೆ ಕಪ್ಪು. ಅಲ್ಲಿ ಮಣ್ಣಿನ ಸಾವಯವ ಇಂಗಾಲವೂ ಸೇರಿಕೊಂಡಿರುತ್ತದೆ, ಆದರೆ ಆಮ್ಲಜನಕ ನಡುವಿನವರೆಗೆ ತಲುಪಲಿಲ್ಲ ಎಂಬ ಕಥೆ ಒಂದೇ.

ಅದಿರಿನ ಉಂಡೆಯಲ್ಲೂ ಹೀಗೆ ಆದರೆ ನಷ್ಟ. ಉಂಡೆ ಎಂದರೆ ನುಣ್ಣನೆಯ ಪುಡಿಗೆ ತುಸು ಬೆಂಟೊನೈಟ್ ಜೇಡಿ ಸೇರಿಸಿ ಉರುಳಿಸಿ ಕಟ್ಟಿದ್ದು, ಒಳಗೆಲ್ಲ ಸಣ್ಣ ರಂಧ್ರಗಳಿರುತ್ತವೆ. ಆ ರಂಧ್ರಗಳೇ ಆಮ್ಲಜನಕದ ದಾರಿ. ಉಷ್ಣತೆ ತೀರಾ ಬೇಗ ಏರಿದರೆ ಹೊರಗಿನ ಕಾಳುಗಳು ಬೆಸೆದುಕೊಂಡು ದಾರಿ ಮುಚ್ಚಿಹೋಗುತ್ತದೆ. ಒಳಗೆ ಉಳಿದ ಮ್ಯಾಗ್ನಟೈಟ್ ಮರಳಿನ ಅಂಶವಾದ ಸಿಲಿಕಾದೊಂದಿಗೆ ಸೇರಿ ಬೇಗ ಕರಗುವ ಕಿಟ್ಟವಾಗುತ್ತದೆ, ತಿರುಳು ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಳ್ಳುತ್ತದೆ. ಅಂಥ ಉಂಡೆ ಹಡಗಿನ ಗುಡ್ಡೆಯ ಭಾರಕ್ಕೇ ಪುಡಿಯಾದೀತು. ಆದ್ದರಿಂದ ಒಣಗಿಸಿ, ನಿಧಾನವಾಗಿ ಕಾಯಿಸಿ, ಉತ್ಕರ್ಷಣವೆಲ್ಲ ಮುಗಿದ ಮೇಲೆಯೇ ಕೊನೆಯ ಬೆಂಕಿ ಕೊಡಬೇಕು. ಸರಿಯಾಗಿ ಆದರೆ ಹೊಸ ಹೆಮಟೈಟ್ ಹರಳುಗಳು ಕಾಳಿನಿಂದ ಕಾಳಿಗೆ ಸೇತುವೆಯಂತೆ ಬೆಳೆದು ಉಂಡೆಯನ್ನು ಕಲ್ಲಿನಷ್ಟು ಗಟ್ಟಿ ಮಾಡುತ್ತವೆ. ಆಮ್ಲಜನಕ ಸೇರಿಸಿದ್ದಕ್ಕೆ ಇದು ಎರಡನೆಯ ಉತ್ತರ. ಮೂರನೆಯದು ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯಲ್ಲಿ ಸಿಗುತ್ತದೆ. ಹೆಮಟೈಟ್ ಅಲ್ಲಿ ಆಮ್ಲಜನಕ ಬಿಡುವಾಗ ಹರಳಿನ ಕಟ್ಟಡ ಬದಲಾಗಿ ಬಿರುಕು, ರಂಧ್ರಗಳು ತೆರೆದುಕೊಳ್ಳುತ್ತವೆ, ಅನಿಲ ಸುಲಭವಾಗಿ ಒಳನುಗ್ಗುತ್ತದೆ. ಗಟ್ಟಿ ಮ್ಯಾಗ್ನಟೈಟಿಗಿಂತ ಅದು ಬೇಗ ಕಬ್ಬಿಣವಾಗುತ್ತದೆ.

ಇಷ್ಟೆಲ್ಲ ಪುಕ್ಕಟೆ ಸಿಕ್ಕಿತೇ? ಇಲ್ಲ. ಸೇರಿಸಿದ ಆಮ್ಲಜನಕವನ್ನು ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನ ಇಂಗಾಲ ಕೊಟ್ಟೇ ತೆಗೆಯಬೇಕು. ಹೆಮಟೈಟಿನ ಒಂಬತ್ತು ಆಮ್ಲಜನಕಗಳಲ್ಲಿ ಒಂದು ಹೀಗೆ ನಾವೇ ಸೇರಿಸಿದ್ದು. ಪಣಂಬೂರಿನಲ್ಲಿ ಉಳಿತಾಯವಾದ ಇಂಧನಕ್ಕೆ ಬದಲಾಗಿ ಇನ್ನೊಂದೂರಿನ ಕುಲುಮೆಯಲ್ಲಿ ಇಂಗಾಲ ಖರ್ಚಾಗುತ್ತದೆ. ಲಾಭ ಉಳಿಯುವುದು ಉಂಡೆಯ ಗಟ್ಟಿತನದಲ್ಲಿ, ಸಲೀಸಾಗಿ ಅನಿಲ ಹಾಯುವುದರಲ್ಲಿ.

ಕುದುರೆಮುಖದ ಯೋಜನೆ ಶುರುವಾದದ್ದು ಇರಾನಿನೊಂದಿಗೆ 1975ರಲ್ಲಿ ಆದ ಒಪ್ಪಂದದಿಂದ. ಕಂಪನಿ ಹುಟ್ಟಿದ್ದು 1976ರಲ್ಲಿ. ಇರಾನ್ ಹಿಂದೆ ಸರಿದ ಮೇಲೆ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು, ಉಂಡೆ ಕಟ್ಟುವ ಕಾರ್ಖಾನೆ 1987ರಲ್ಲಿ ಚಾಲೂ ಆಯಿತು. ಅದೇ ವರ್ಷ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಯಿತು. ಭದ್ರೆಯ ಮೂಲದಲ್ಲಿ ಗುಡ್ಡ ಅಗೆಯುವುದರ ವಿರುದ್ಧ ಜನ ವರ್ಷಗಟ್ಟಲೆ ಹೋರಾಡಿದರು, ಸರಿಯಾಗಿಯೇ ಹೋರಾಡಿದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ 2005ರ ಕೊನೆಯ ಗಡುವು ಹಾಕಿತು. ಆ ತೀರ್ಪಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರ ಕಣ್ಣು ನಿಲ್ಲುವ ಒಂದು ಮಾತಿದೆ. ಗಡುವಿನವರೆಗೆ ತೆಗೆಯಬಹುದಾದದ್ದು ಈಗಾಗಲೇ ಅಗೆದ ಜಾಗದಲ್ಲಿನ ಶಿಥಿಲಗೊಂಡ ದ್ವಿತೀಯಕ ಅದಿರನ್ನು ಮಾತ್ರ. ಶಿಥಿಲಗೊಳ್ಳುವುದು ಎಂದರೆ ಗಾಳಿ ಮಳೆಗೆ ಒಡ್ಡಿಕೊಂಡ ಬಂಡೆ ನಿಧಾನಕ್ಕೆ ಸಡಿಲಾಗಿ ಬದಲಾಗುವುದು. ಕುಲುಮೆ ಗಂಟೆಯೊಳಗೆ ಮಾಡುವ ಇದೇ ಉತ್ಕರ್ಷಣವನ್ನು ಮಲೆನಾಡಿನ ಮಳೆ, ನೀರಿನ ಸಹಾಯದಿಂದ, ಕಲ್ಪನೆಗೆ ಸಿಗದಷ್ಟು ದೀರ್ಘ ಕಾಲದಲ್ಲಿ ನಡೆಸುತ್ತಾ ಬಂದಿದೆ. ಆಕಾರ ಮ್ಯಾಗ್ನಟೈಟಿನದ್ದೇ ಉಳಿದು ಒಳಗಿನ ವಸ್ತು ಹೆಮಟೈಟ್ ಆಗಿರುವ ಹರಳುಗಳಿಗೆ ಭೂವಿಜ್ಞಾನಿಗಳು ಮಾರ್ಟೈಟ್ ಎಂದು ಹೆಸರನ್ನೂ ಇಟ್ಟಿದ್ದಾರೆ.

ಗಣಿ 2005ರ ಡಿಸೆಂಬರ್ 31ಕ್ಕೆ ನಿಂತಿತು. ಪಣಂಬೂರಿನ ಕಾರ್ಖಾನೆ ಹೊರಗಿನಿಂದ ತರಿಸಿದ ಹೆಮಟೈಟ್ ಅದಿರಿನ ಕಡೆಗೆ ತಿರುಗಬೇಕಾಯಿತು. ಕುಲುಮೆಯ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ನಮ್ಮ 509 ಕಿಲೋಜೂಲನ್ನು ಟನ್ನಿಗೆ ಹಿಗ್ಗಿಸಿ, ಒಂದು ಕಿಲೋ ಕಲ್ಲಿದ್ದಲಿಗೆ 25,000 ಕಿಲೋಜೂಲ್ ಎಂದು ಹಿಡಿದರೆ, ಮ್ಯಾಗ್ನಟೈಟಿನ ಪ್ರತಿ ಟನ್ನು ತನ್ನೊಳಗೆ 20 ಕಿಲೋ ಕಲ್ಲಿದ್ದಲಿನಷ್ಟು ಶಾಖವನ್ನು ಹೊತ್ತು ಬರುತ್ತಿತ್ತು. ಹೆಮಟೈಟಿನ ಉಂಡೆಯನ್ನು ಸುಡುವವರು ಆ ಕೊರತೆ ತುಂಬಲು ಅದಿರಿನ ಪುಡಿಯ ಜೊತೆಗೇ ಕೋಕ್ ಪುಡಿಯನ್ನು ಬೆರೆಸಿ ಉಂಡೆ ಕಟ್ಟುವುದು ರೂಢಿ. ಹೆಮಟೈಟಿನಲ್ಲಿ ಪ್ರತಿ ಕಬ್ಬಿಣವೂ ತನ್ನ ಮೂರನೆಯ ಎಲೆಕ್ಟ್ರಾನನ್ನು ಎಂದೋ ಕೊಟ್ಟಾಗಿದೆ, ಅದರೊಳಗೆ ಉರಿಯಲು ಉಳಿದದ್ದು ಏನೂ ಇಲ್ಲ.